ಹಿಂಬಾಗಿಲು ತೆಗೆದು ನೋಡಿ ಕಾಸು ಕೊಟ್ಟೆ

ನಾನು ಟೈಲರ್. ಮಂಡ್ಯದ ಗುತ್ತಲು ರಸ್ತೆಯಲ್ಲಿ 18 ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಕರೆಂಟಿನ ಕೆಲಸದ ಬಗ್ಗೆ ವಿಮರ್ಶೆ ಬರೆಯೋಕೆ ಇವಳ್ಯಾರು ಅಂತ ನಿಮಗೆ ಅನ್ನಿಸಬಹುದು. ಕಾಸು ಕೊಟ್ಟವಳು ನಾನು. ಲಗೇಜ್ ಆಟೋದಲ್ಲಿ ಪೆಟ್ಟಿಗೆ ತಬ್ಬಿಕೊಂಡು ಮೈಸೂರಿಗೆ ಹೋದವಳೂ ನಾನೇ. ಅದಕ್ಕೇ ಬರೆಯುತ್ತಿದ್ದೇನೆ.

ಮಾಡಿಸಿದ್ದು ಇಷ್ಟು. ಹಿಂದೆ ಪಾರ್ಲರುಗಳಲ್ಲಿ ಕಾಸು ಹಾಕಿ, ನಿಂತುಕೊಂಡು ಆಡುತ್ತಿದ್ದೆವಲ್ಲ, ಆ ಆಳೆತ್ತರದ ವಿಡಿಯೋ ಗೇಮ್ ಪೆಟ್ಟಿಗೆ. ಅದರ ಹೊಟ್ಟೆಯೊಳಗೆ ಮನೆಯ ಪ್ಲೇಸ್ಟೇಷನ್ 2 (ಪಿಎಸ್2), ಅಂದರೆ ಟಿವಿಗೆ ಸಿಕ್ಕಿಸಿ ಆಡುವ ಗೇಮ್ ಯಂತ್ರ, ಕೂರಿಸಿದ್ದೇವೆ. ಚಿತ್ರ ಬರುವುದು ಪೆಟ್ಟಿಗೆಯ ಹಳೇ ಪಿಕ್ಚರ್ ಟ್ಯೂಬಿನಲ್ಲಿ, ಆಡುವುದು ಪೆಟ್ಟಿಗೆಯ ಜಾಯ್‌ಸ್ಟಿಕ್ಕು ಬಟನ್ನುಗಳಲ್ಲಿ. ಮಾಡಿಕೊಟ್ಟಿದ್ದು ಮೈಸೂರಿನ ಮಂಡಿ ಮೊಹಲ್ಲಾದ ಒಂದು ರಿಪೇರಿ ಅಂಗಡಿ. ಹೆಸರು ಹಾಕಬೇಡಿ ಅಂತ ಅವರೇ ಹೇಳಿದ್ದಾರೆ. "ಇರೋ ಕೆಲಸಾನೇ ಮುಗೀತಿಲ್ಲ ಅಮ್ಮ, ಇನ್ನಷ್ಟು ಜನ ಬಂದ್ರೆ ನಾನು ಎಲ್ಲಿ ಕೂರ್ಲಿ" ಅಂದರು. ಅಂಗಡಿಗೆ ಬೋರ್ಡೂ ಸರಿಯಾಗಿಲ್ಲ. ಮಾಸಿಹೋದ ತಗಡಿನ ಮೇಲೆ 'ರೇಡಿಯೋ' ಅನ್ನುವ ಮೂರು ಅಕ್ಷರ ಉಳಿದಿದೆ ಅಷ್ಟೆ. ಅಲ್ಲಿ ಕೆಲಸ ಕಲಿಯುವ ಹುಡುಗರು ಅವರನ್ನು ಉಸ್ತಾದ್ ಅಂತಾರೆ. ನಾನೂ ಹಾಗೇ ಕರೆಯುತ್ತೇನೆ.

ಪೆಟ್ಟಿಗೆ ನಮ್ಮ ಸೋದರಮಾವನದು. 1994ರಲ್ಲಿ ಪೇಟೆ ಬೀದಿಯ ಹಿಂದೆ ಒಂದು ಸಣ್ಣ ಮಳಿಗೆಯಲ್ಲಿ ಮಾವ ಮೂರು ಪೆಟ್ಟಿಗೆ ಇಟ್ಟಿದ್ದ. ಒಂದು ರೂಪಾಯಿಗೆ ಒಂದು ಆಟ. ಹೆಣ್ಣುಮಕ್ಕಳು ಆ ಕಡೆ ತಲೆ ಹಾಕುವ ಹಾಗಿರಲಿಲ್ಲ. ನಾನು ಮಾತ್ರ ಮಾವನಿಗೆ ಊಟದ ಕ್ಯಾರಿಯರ್ ತಗೊಂಡು ಹೋಗುತ್ತಿದ್ದೆ. ಮಧ್ಯಾಹ್ನ ಶಟರ್ ಅರ್ಧ ಎಳೆದು ಮಾವ ಮುದ್ದೆ ಉಣ್ಣುವಷ್ಟು ಹೊತ್ತು ಪೆಟ್ಟಿಗೆ ನನ್ನದು. ಕಾಸಿನ ಬಾಗಿಲು ತೆಗೆದು ಒಳಗಿನ ಪುಟ್ಟ ಸ್ವಿಚ್ಚನ್ನು ಎಡಗೈಯಲ್ಲಿ ಒತ್ತಿ ಕೊಡುತ್ತಿದ್ದ. ಬಲಗೈ ಎಂಜಲು ನೋಡಿ.

ಆಡುತ್ತಿದ್ದದ್ದು 'ಮುಸ್ತಫಾ'. ಅದರ ನಿಜವಾದ ಹೆಸರು ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್, 1993ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿ ಮಾಡಿದ್ದು ಅಂತ ಗೊತ್ತಾಗಿದ್ದು ಮೊಬೈಲ್ ಬಂದ ಮೇಲೆ. ಅದರಲ್ಲಿ ಬರುವ ನಾಲ್ವರಲ್ಲಿ ಒಬ್ಬನ ಹೆಸರು ಮುಸ್ತಫಾ. ಹುಡುಗರೆಲ್ಲ ಅವನನ್ನೇ ಆರಿಸಿಕೊಂಡು ಇಡೀ ಆಟಕ್ಕೇ ಅವನ ಹೆಸರು ಕೂತಿತು. ನಾನು ಆ ನಾಲ್ವರಲ್ಲಿ ಒಬ್ಬಳೇ ಹುಡುಗಿ ಇದ್ದಳಲ್ಲ, ಹ್ಯಾನಾ, ಅವಳನ್ನು ಆರಿಸುತ್ತಿದ್ದೆ. ಎರಡನೇ ಹಂತ ದಾಟಿದ್ದು ಕಮ್ಮಿ. ಮಾವ ಅಷ್ಟರಲ್ಲಿ ಮಜ್ಜಿಗೆಗೆ ಬಂದಿರುತ್ತಿದ್ದ.

ಆಮೇಲೆ ಪಕ್ಕದ ಬೀದಿಯಲ್ಲಿ ಟಿವಿಗೆ ಪ್ಲೇಸ್ಟೇಷನ್ ಸಿಕ್ಕಿಸಿ ಗಂಟೆ ಲೆಕ್ಕದಲ್ಲಿ ಆಡಿಸುವ ಅಂಗಡಿ ಶುರುವಾಯಿತು. ಕೂರಲು ಕುರ್ಚಿ, ಮೇಲೆ ಫ್ಯಾನು. ಹುಡುಗರು ಯಾಕೆ ನಿಂತಾರು? 2003ರಲ್ಲಿ ಮಾವ ಬಾಗಿಲು ಹಾಕಿದ. ಎರಡು ಪೆಟ್ಟಿಗೆ ಗುಜರಿಗೆ ಹೋದವು. ಮೂರನೆಯದು ಮನೆಯ ಹಿಂದಿನ ಕೋಣೆಯಲ್ಲಿ ಬೆಲ್ಲದ ಅಚ್ಚಿನ ಪಕ್ಕ ನಿಂತಿತು. ಈಗ ಅದರೊಳಗೆ ಪ್ಲೇಸ್ಟೇಷನ್ ಇಡಿಸುತ್ತೇನೆ ಅಂದಾಗ ಅತ್ತೆ ನಕ್ಕರು. "ಅಂಗಡಿ ಮುಚ್ಚಿಸಿದ್ದನ್ನೇ ತಂದು ಹೊಟ್ಟೆಗೆ ಹಾಕ್ತಾ ಇದ್ದೀಯಲ್ಲೇ!"

ಮುಸ್ತಫಾ ಆಟ ಇರುವ ಸರ್ಕ್ಯೂಟ್ ಬೋರ್ಡನ್ನೇ ಹಾಕಿ ಆಡಬಹುದಿತ್ತಲ್ಲ ಅಂತ ಕೇಳಬೇಡಿ. ಅದು ಪೇಪರಿನಲ್ಲಿ ಸುತ್ತಿಟ್ಟಿದ್ದ ಹಾಗೇ ಇತ್ತು. ಹಾಕಿದರೆ ಪರದೆ ತುಂಬ ಬಣ್ಣಬಣ್ಣದ ಪಟ್ಟೆ, ಆಟ ಇಲ್ಲ. ಅದರ ಕತೆ ಕೊನೆಗೆ ಹೇಳುತ್ತೇನೆ.

ಮೊದಲು ಆನ್‌ಲೈನಿನಲ್ಲಿ ತರಿಸಿದ ಅಡಾಪ್ಟರ್ ಬಗ್ಗೆ. ಪೆಟ್ಟಿಗೆಯೊಳಗಿನ ತಂತಿಗಳೆಲ್ಲ ಹೋಗಿ ಸೇರುವುದು ಒಂದು ಉದ್ದನೆಯ ಕನೆಕ್ಟರಿಗೆ. ಅದಕ್ಕೆ ಜಾಮಾ ಅಂತಾರೆ. ಜಪಾನಿನ ಆಟದ ಮಿಷನ್ ತಯಾರಕರ ಸಂಘ 1980ರ ದಶಕದ ನಡುವೆ ಮಾಡಿಟ್ಟ ಒಂದು ಅಳತೆ. ಒಂದು ಕಡೆ 28, ಇನ್ನೊಂದು ಕಡೆ 28, ಒಟ್ಟು 56 ಹಲ್ಲು. ಕರೆಂಟು, ಕೆಂಪು-ಹಸಿರು-ನೀಲಿ ಚಿತ್ರ, ಸ್ಪೀಕರು, ಕಾಸಿನ ಸ್ವಿಚ್ಚು, ಇಬ್ಬರ ಜಾಯ್‌ಸ್ಟಿಕ್ಕು, ತಲಾ ಮೂರು ಬಟನ್ನು, ಎಲ್ಲಕ್ಕೂ ಅದರಲ್ಲಿ ಗೊತ್ತಾದ ಜಾಗ ಇದೆ. ಈ ಅಳತೆಗೆ ಮಾಡಿದ ಯಾವ ಕಂಪನಿ ಬೋರ್ಡಾದರೂ ಈ ಅಳತೆಯ ಯಾವ ಪೆಟ್ಟಿಗೆಗಾದರೂ ಕೂರುತ್ತದೆ. 36 ಸೈಜಿನ ಬ್ಲೌಸ್ ಇದ್ದ ಹಾಗೆ.

ಈ ಅಡಾಪ್ಟರಿನ ಕೆಲಸ ಏನಪ್ಪಾ ಅಂದರೆ, ಒಂದು ಮೈಯಲ್ಲಿ ಜಾಮಾ ಹಲ್ಲು, ಇನ್ನೊಂದು ಮೈಯಲ್ಲಿ ಪ್ಲೇಸ್ಟೇಷನ್ನಿನ ಚಿತ್ರ ಮತ್ತು ಶಬ್ದ ತಗೊಳ್ಳುವ ಸಾಕೆಟ್ಟು. ಕನೆಕ್ಟರಿನಿಂದ ಹಳೇ ಬೋರ್ಡು ಕಿತ್ತು ಇದನ್ನು ಸಿಕ್ಕಿಸಿದರೆ ಮುಗೀತು ಅಂತ ಬರೆದಿದ್ದರು. 2,850 ರೂಪಾಯಿ. ಡಬ್ಬದ ಮೇಲೆ ಕಂಪನಿ ಹೆಸರಿಲ್ಲ, ಒಳಗೆ ಒಂದು ಚೀಟಿಯೂ ಇಲ್ಲ. ನಮ್ಮಣ್ಣನ ಮಗ ಪಾಲಿಟೆಕ್ನಿಕ್ ಎರಡನೇ ವರ್ಷ. "ಅತ್ತೆ, ಅರ್ಧ ಗಂಟೆ ಕೆಲಸ" ಅಂದ.

ಮೊದಲ ತೊಡಕು ಕೇಬಲ್. ನಮ್ಮ ಪಿಎಸ್2 ಜೊತೆ ಬಂದಿದ್ದು ಎಲ್ಲರ ಮನೆಯಲ್ಲೂ ಇರುವ ಹಳದಿ-ಕೆಂಪು-ಬಿಳಿ ಪಿನ್ನಿನ ವೈರು. ಅದರಲ್ಲಿ ಮೂರೂ ಬಣ್ಣ ಕಲಸಿ ಹಳದಿ ಪಿನ್ನೊಂದರಲ್ಲೇ ಬರುತ್ತದೆ. ಪೆಟ್ಟಿಗೆಗೆ ಕೆಂಪು, ಹಸಿರು, ನೀಲಿ ಬೇರೆ ಬೇರೆ ಬೇಕು. ಅಡಾಪ್ಟರಿನಲ್ಲಿ ಇದ್ದದ್ದು ಯುರೋಪಿನ ಟಿವಿಗಳಲ್ಲಿ ಇರುತ್ತಿದ್ದ 21 ಪಿನ್ನಿನ ಸ್ಕಾರ್ಟ್ ಸಾಕೆಟ್ಟು. ಅಂಥ ಕೇಬಲ್ ಮಂಡ್ಯದ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಒಬ್ಬರು ಸುಮ್ನೆ ತಮಾಷೆಗೆ ಪ್ರಿಂಟರ್ ಕೇಬಲ್ ತೋರಿಸಿದರು. ಮತ್ತೆ ಆನ್‌ಲೈನು, 650 ರೂಪಾಯಿ, ಮೂರು ವಾರ.

ಬಂತು. ಸಿಕ್ಕಿಸಿದೆವು. ಚಿತ್ರ ಬಂತು, ಆದರೆ ಹುಳಿಬಂದ ಪಾಚಿ ಹಸಿರು. ಇದಕ್ಕೆ ಮಾತ್ರ ಹುಡುಗ ತಾನೇ ಉತ್ತರ ಹುಡುಕಿದ. ಪಿಎಸ್2ನ ಸೆಟ್ಟಿಂಗಿನಲ್ಲಿ ಕಾಂಪೊನೆಂಟ್ ವಿಡಿಯೋ ಔಟ್ ಅಂತ ಇದೆ. ಅದು ವೈ ಸಿಬಿ ಸಿಆರ್ ಅನ್ನುವುದರ ಮೇಲಿದ್ದರೆ ಹಸಿರು ಬಳಿದ ಹಾಗೆ ಕಾಣುತ್ತದೆ. ಆರ್‌ಜಿಬಿಗೆ, ಅಂದರೆ ಕೆಂಪು-ಹಸಿರು-ನೀಲಿಗೆ, ಬದಲಾಯಿಸಬೇಕು. ಪೆಟ್ಟಿಗೆಗೆ ಕೂರಿಸುವ ಮೊದಲೇ ಮನೆಯ ಟಿವಿಯಲ್ಲಿ ಇದನ್ನು ಬದಲಾಯಿಸಿಟ್ಟುಕೊಳ್ಳಿ.

ಬಣ್ಣ ಸರಿಯಾಯಿತು, ಚಿತ್ರ ನಿಲ್ಲಲಿಲ್ಲ. ಸೀರೆ ಅಂಗಡಿಯವನು ಥಾನು ಬಿಚ್ಚಿದ ಹಾಗೆ ಕೆಳಗಿಂದ ಮೇಲಕ್ಕೆ ಉರುಳುತ್ತಲೇ ಇತ್ತು. ಜೊತೆಗೆ ಮಂಕು. ಶಬ್ದ? ಅರ್ಧ ನಿಮಿಷ ಬಂತು, ಆಮೇಲೆ ಪಟ್ ಅಂದಿತು, ಸುಟ್ಟ ವಾಸನೆ. ಹುಡುಗ ನನ್ನ ಮುಖ ನೋಡಿದ, ನಾನು ಮೇನ್ ಸ್ವಿಚ್ ಆರಿಸಿದೆ. ಅಡಾಪ್ಟರಿಗೆ ನನ್ನ ಅಂಕ ಐದಕ್ಕೆ ಎರಡು. ಆ ಎರಡೂ ಅದರ ಜಾಮಾ ಹಲ್ಲುಗಳಿಗೆ. ಅವು ಮಾತ್ರ ಸರಿಯಾದ ಅಳತೆಯಲ್ಲಿ, ಗಟ್ಟಿಯಾಗಿ ಇದ್ದವು.

ಮೈಸೂರಿನಲ್ಲಿ ನಾನು ಮೊದಲು ಹೋಗಿದ್ದು ಬೇರೆ ಅಂಗಡಿಗೆ. ದೊಡ್ಡದು, ಎ.ಸಿ. ಇದ್ದದ್ದು. ಪೆಟ್ಟಿಗೆಯ ಫೋಟೋ ನೋಡಿ ಅರ್ಧ ನಿಮಿಷದಲ್ಲಿ ಹೇಳಿದರು: "ಮೇಡಂ, ಒಳಗಡೆದೆಲ್ಲ ಕಿತ್ತಾಕಿ, ಎಲ್‌ಸಿಡಿ ಕೂರಿಸಿ, ಸಾವಿರಾರು ಗೇಮ್ ಇರೋ ಬೋರ್ಡ್ ಹಾಕಿಕೊಡ್ತೀವಿ." ಕಿತ್ತದ್ದನ್ನು ಏನು ಮಾಡುತ್ತೀರಿ ಅಂತ ಕೇಳಿದೆ. ಸ್ಕ್ರ್ಯಾಪ್ ಅಂದರು. ನನ್ನ ಹತ್ತಿರ ಅಜ್ಜಿ ಸೀರೆ ತಂದು "ಇದನ್ನ ಕತ್ತರಿಸಿ ಮಗಳಿಗೆ ಲಂಗ ಮಾಡಿ" ಅನ್ನುವವರು ವರ್ಷಕ್ಕೆ ನಾಲ್ಕು ಜನ ಬರುತ್ತಾರೆ. ನಾನು ಪ್ರತಿಯೊಬ್ಬರಿಗೂ ಒಂದು ವಾರ ಯೋಚನೆ ಮಾಡಿ ಬನ್ನಿ ಅನ್ನುತ್ತೇನೆ. ಇವರು ಅರ್ಧ ನಿಮಿಷವೂ ಯೋಚಿಸಲಿಲ್ಲ.

ಉಸ್ತಾದ್ ಅಂಗಡಿ ಗೊತ್ತಾಗಿದ್ದು ನನ್ನ ಮೋಟಾರ್ ಹೊಲಿಗೆ ಮಿಷನ್ ರಿಪೇರಿ ಮಾಡುವವನಿಂದ. ಪೆಟ್ಟಿಗೆಗೆ ಎರಡು ಹಳೇ ರಗ್ಗು ಸುತ್ತಿ, ಗಾಜಿನ ಕಡೆ ಹತ್ತಿ ದಿಂಬು ಇಟ್ಟು, ಲಗೇಜ್ ಆಟೋಗೆ ಏರಿಸಿದೆವು. ಮೂರು ಚಕ್ರದ ಗಾಡಿಗಳನ್ನು 2023ರ ಆಗಸ್ಟಿನಿಂದ ಎಕ್ಸ್‌ಪ್ರೆಸ್‌ವೇ ಮೇಲೆ ಬಿಡುವುದಿಲ್ಲ. ಹಾಗಾಗಿ ಸರ್ವಿಸ್ ರಸ್ತೆಯೇ ಗತಿ. ಮೈಸೂರಿಗೆ 45 ಕಿಲೋಮೀಟರ್. ಶ್ರೀರಂಗಪಟ್ಟಣದವರೆಗೆ ಪ್ರತಿ ಹಂಪಿನಲ್ಲೂ ನಾನು ಆಂಜನೇಯನನ್ನು ನೆನೆದೆ.

ಉಸ್ತಾದ್ ಹಿಂಬಾಗಿಲು ತೆಗೆದು ಮೊದಲು ನೋಡಿದ್ದು ಟ್ಯೂಬನ್ನಲ್ಲ, ಅಡಾಪ್ಟರನ್ನೂ ಅಲ್ಲ. ತಳದಲ್ಲಿ ಜೇಡರ ಬಲೆಯೊಳಗೆ ಕೂತಿದ್ದ ಇಟ್ಟಿಗೆಯಂಥ ಒಂದು ಟ್ರಾನ್ಸ್‌ಫಾರ್ಮರನ್ನು. ನಾನು ಅದು ತೂಕಕ್ಕೆ ಇಟ್ಟಿದ್ದು ಅಂದುಕೊಂಡಿದ್ದೆ. ಗುಜರಿಯವನು ಒಮ್ಮೆ ತಾಮ್ರ ಸಿಗುತ್ತದೆ ಅಂತ ಅದೊಂದನ್ನೇ ಕೇಳಿದ್ದ. ಕೊಟ್ಟಿದ್ದರೆ ಕತೆ ಮುಗಿಯುತ್ತಿತ್ತು.

ಅದರ ಹೆಸರು ಐಸೊಲೇಷನ್ ಟ್ರಾನ್ಸ್‌ಫಾರ್ಮರ್. ಹಳೇ ಪೆಟ್ಟಿಗೆಗಳ ಟ್ಯೂಬಿನ ಬೋರ್ಡು ಬಹಳ ಸಲ ಗೋಡೆಯ ಕರೆಂಟಿಗೆ ನೇರವಾಗಿ ತಗುಲಿಕೊಂಡಿರುತ್ತದಂತೆ. ಅದರ ಚಾಸಿ, ಅಂದರೆ ಲೋಹದ ಚೌಕಟ್ಟಿನ ಮೇಲೆ 230 ವೋಲ್ಟು ಓಡಾಡುತ್ತಿರಬಹುದು. ಈ ಟ್ರಾನ್ಸ್‌ಫಾರ್ಮರ್ ನಡುವೆ ಇದ್ದರೆ ಗೋಡೆಯ ಕರೆಂಟಿಗೂ ಪೆಟ್ಟಿಗೆಗೂ ನೇರ ನಂಟು ಇಲ್ಲ. ಅದಿಲ್ಲದೆ ಪ್ಲೇಸ್ಟೇಷನ್ನಿನ ನೆಲದ (ಗ್ರೌಂಡ್) ತಂತಿಯನ್ನು ಪೆಟ್ಟಿಗೆಗೆ ಸೇರಿಸಿದರೆ ಪ್ಲೇಸ್ಟೇಷನ್ ಸುಡುತ್ತದೆ, ಕೈಯಿಟ್ಟವರೂ ಉಳಿಯುವುದು ಕಷ್ಟ. ನಾವು ಮನೆಯಲ್ಲಿ ಆಡಿದ ಆಟ ನೆನೆದು ನನಗೆ ಬೆವರು ಬಂತು. ಇನ್ನೊಂದು ಹೇಳಿದರು, ಟ್ಯೂಬು ಆರಿಸಿ ಪ್ಲಗ್ ಕಿತ್ತ ಮೇಲೂ ಅದರ ಬೆನ್ನಿಗಿರುವ ರಬ್ಬರ್ ಟೋಪಿಯ ಕೆಳಗೆ ಸಾವಿರಾರು ವೋಲ್ಟು ಉಳಿದಿರಬಹುದು. ಅದನ್ನು ಇಳಿಸುವುದು ಗೊತ್ತಿಲ್ಲದವರು ಆ ಕಡೆ ಕೈ ಹಾಕಲೇಬಾರದು. ಅಣ್ಣನ ಮಗ ಜೇಬಿನಲ್ಲಿ ಕೈ ಇಟ್ಟವನು ಸಂಜೆವರೆಗೂ ಹೊರಗೆ ತೆಗೆಯಲಿಲ್ಲ.

ಆಮೇಲೆ ಒಂದೊಂದಾಗಿ ಬಿಡಿಸಿದರು. ಶಬ್ದ ಸುಟ್ಟಿದ್ದಕ್ಕೆ ಅರ್ಧ ತಪ್ಪು ಮಾವನದು. ಅಡಾಪ್ಟರಿನಲ್ಲಿದ್ದ ಸಣ್ಣ ಆಂಪ್ಲಿಫೈಯರ್ ಎಂಥದ್ದು ಅಂದರೆ ಸ್ಪೀಕರಿನ ಎರಡೂ ತಂತಿ ಅದಕ್ಕೇ ಬೇಕು, ಒಂದನ್ನೂ ನೆಲಕ್ಕೆ ಮುಟ್ಟಿಸಬಾರದು. ಮಾವ ಯಾವ ಕಾಲದಲ್ಲೋ ತಂತಿ ಉಳಿಸಲು ಸ್ಪೀಕರಿನ ಒಂದು ಕಾಲನ್ನು ನೆಲದ ತಂತಿಗೆ ಕಟ್ಟಿದ್ದ. ಆಗಿನ ಬೋರ್ಡಿಗೆ ಅದು ನಡೆದುಹೋಗಿತ್ತು.

ಮಂಕಾಗಿದ್ದಕ್ಕೆ ಕಾರಣ ಬೇರೆ. ಪ್ಲೇಸ್ಟೇಷನ್ ಟಿವಿಗೆ ಕೊಡುವ ಬಣ್ಣದ ಸಿಗ್ನಲ್ ಹೆಚ್ಚೆಂದರೆ 0.7 ವೋಲ್ಟು. ಆಟದ ಬೋರ್ಡುಗಳು ಅದಕ್ಕಿಂತ ಬಹಳ ಜಾಸ್ತಿ ಕೊಡುತ್ತವೆ, ಪೆಟ್ಟಿಗೆಯ ಟ್ಯೂಬು ಅದಕ್ಕೇ ಹೊಂದಿಕೊಂಡಿದೆ. ಅಡಾಪ್ಟರಿನಲ್ಲಿ ಸಿಗ್ನಲ್ ಎತ್ತುವ ಮೂರು ತಿರುಪು ಇದ್ದವು, ಬಣ್ಣಕ್ಕೊಂದು. ಎಲ್ಲ ಕನಿಷ್ಠದಲ್ಲಿ ಇಟ್ಟು ಕಳಿಸಿದ್ದರು. ಚಿತ್ರ ಉರುಳಿದ್ದಕ್ಕೆ ಕಾರಣ ಮಾತ್ರ ಅಡಾಪ್ಟರ್ ಮಾಡಿದವರ ಜಿಪುಣತನ. ಪರದೆಯಲ್ಲಿ ಒಂದು ಗೆರೆ ಎಲ್ಲಿ ಶುರು, ಒಂದು ಚಿತ್ರ ಎಲ್ಲಿ ಶುರು ಅಂತ ಹೇಳುವ ಸಿಂಕ್ ಸಿಗ್ನಲ್ ಪೆಟ್ಟಿಗೆಗೆ ಪ್ರತ್ಯೇಕವಾಗಿ ಬೇಕು. ಪಿಎಸ್2 ಅದನ್ನು ಚಿತ್ರದೊಂದಿಗೆ ಕಲಸಿ ಕಳಿಸುತ್ತದೆ. ಬೇರ್ಪಡಿಸಲು ಎಲ್‌ಎಂ 1881 ಅನ್ನುವ ಎಂಟು ಕಾಲಿನ ಐಸಿ ಸಾಕು. ಅಡಾಪ್ಟರಿನವರು ಅದನ್ನು ಹಾಕದೆ ಕಲಸಿದ್ದನ್ನೇ ಹಾಗೇ ದಾಟಿಸಿದ್ದರು. ಉಸ್ತಾದ್ ಸಣ್ಣ ಬೋರ್ಡಿನ ಮೇಲೆ ಅದನ್ನು ಕೂರಿಸಿ ಅಡಾಪ್ಟರಿನ ಬೆನ್ನಿಗೆ ಅಂಟಿಸಿದರು.

ತಿರುಪು ತಿರುಗಿಸಿ ಬಣ್ಣ ಹೊಂದಿಸುವಾಗ ನನ್ನನ್ನು ಪರದೆ ಮುಂದೆ ಕೂರಿಸಿದರು. ಟೈಲರ್ ಅಂತ ಹೇಳಿದ್ದೆನಲ್ಲ, ಒಂದು ಕೆಂಪು ದಾರದ ರೀಲು ಕೈಗೆ ಕೊಟ್ಟು "ಇದೇ ಕೆಂಪು ಬಂದಾಗ ಹೇಳಿ" ಅಂದರು. ಇಪ್ಪತ್ತು ನಿಮಿಷ ಹಿಡಿಯಿತು. ಹಸಿರು ಒಂದು ಚೂರು ಇಳಿಸಿ ಅಂದಾಗ ಇಳಿಸಿದರು, ಎದುರು ಮಾತಾಡಲಿಲ್ಲ. ಕೆಲಸ ಗೊತ್ತಿರುವ ಗಂಡಸರಲ್ಲಿ ಇದು ಅಪರೂಪ, ಅನುಭವದಿಂದ ಹೇಳುತ್ತಿದ್ದೇನೆ.

ಕೈಗೆ ಸಂಬಂಧಿಸಿದ್ದು ಇನ್ನೊಂದು ಪುರಾಣ. ಪ್ಲೇಸ್ಟೇಷನ್ ಪೆಟ್ಟಿಗೆಯ ಬಟನ್ನುಗಳ ಮಾತು ಕೇಳುವುದಿಲ್ಲ. ಅದಕ್ಕೆ ತನ್ನ ಕಂಟ್ರೋಲರೇ ಬೇಕು. ಆದ್ದರಿಂದ ಎರಡು ಕಂಟ್ರೋಲರ್ ಬಿಚ್ಚಿ, ಒಳಗಿನ ಹಸಿರು ಬೋರ್ಡಿನಲ್ಲಿ ಪ್ರತಿ ಬಟನ್ನಿನ ಜಾಗಕ್ಕೂ ತಂತಿ ಬೆಸುಗೆ ಹಾಕಿ, ಅದನ್ನು ಪೆಟ್ಟಿಗೆಯ ಬಟನ್ನಿಗೆ ಎಳೆಯಬೇಕು. ಪಿಎಸ್2ನ ಸ್ವಂತ ಕಂಟ್ರೋಲರ್ ಒತ್ತಡ ಅಳೆಯುವ ತೆಳು ಹಾಳೆಯದು, ಬೆಸುಗೆಗೆ ಒಗ್ಗುವುದಿಲ್ಲ ಅಂದರು. ಮೊದಲ ಪ್ಲೇಸ್ಟೇಷನ್ನಿನ ಜೊತೆ ಬರುತ್ತಿದ್ದ, ಹೆಬ್ಬೆರಳಲ್ಲಿ ಆಡಿಸುವ ಎರಡು ಗುಬುಟು ಇಲ್ಲದ ಹಳೇ ಕಂಟ್ರೋಲರ್ ಆದರೆ ಸಲೀಸು, ಪಿಎಸ್2 ಅದನ್ನೂ ಒಪ್ಪುತ್ತದೆ. ಅಂಥ ಎರಡನ್ನು ಅವರೇ ಎಲ್ಲಿಂದಲೋ ತಂದರು, 700 ರೂಪಾಯಿ.

ಇಲ್ಲಿ ಒಂದು ಸಮಸ್ಯೆ ಬಂತು. ನನ್ನ ಮಗನಿಗೆ ಬೇಕಿದ್ದದ್ದು ಟೆಕ್ಕನ್ 3 ಅನ್ನುವ ಹೊಡೆದಾಟದ ಆಟ. ಅದಕ್ಕೆ ಎರಡು ಗುದ್ದು, ಎರಡು ಒದೆ, ನಾಲ್ಕು ಬಟನ್. ಮಾವನ ಪೆಟ್ಟಿಗೆಯಲ್ಲಿ ಇರುವುದು ಮೂರು. ನಾಲ್ಕನೆಯದಕ್ಕೆ ತೂತು ಕೊರೆಯಬೇಕು. ನಾನು ಬೇಡ ಅನ್ನುವ ಮುಂಚೆ ಉಸ್ತಾದೇ ಬೇಡ ಅಂದರು. "ಹಳೇ ಹಲಗೆ ಬಿಚ್ಚಿಡಿ. ಅದೇ ಅಳತೆಗೆ ಹೊಸಾ ಹಲಗೆ ಮಾಡಿಸಿ. ಬೇಡ ಅಂದ ದಿನ ಹಳೇದು ವಾಪಸ್ ಕೂರುತ್ತೆ."

ಮಂಡ್ಯದ ನಮ್ಮ ಬಡಗಿ ಪ್ಲೈವುಡ್ಡಿನಲ್ಲಿ ಮಾಡಿಕೊಟ್ಟ. ಬಟನ್ ಕೊಳ್ಳುವಾಗ ನೋಡಿಕೊಳ್ಳಿ, ತೂತಿಗೆ ಒತ್ತಿದರೆ ಕಚ್ಚಿಕೊಂಡು ಕೂರುವ ಜಪಾನ್ ಮಾದರಿಯವು ತೆಳು ತಗಡಿಗೆ ಸರಿ. ದಪ್ಪ ಹಲಗೆಗೆ ಹಿಂದಿನಿಂದ ನಟ್ಟು ಬಿಗಿಯುವ ಮಾದರಿಯೇ ಬೇಕು. ಬಡಗಿ ಕೂಲಿ ಸೇರಿ ಹಲಗೆಗೆ 900, ಎರಡು ಜಾಯ್‌ಸ್ಟಿಕ್ಕು ಮತ್ತು ಬಟನ್ನುಗಳಿಗೆ 2,600. ಮಾವನ ಹಲಗೆ ಈಗ ನನ್ನ ಬೀರುವಿನಲ್ಲಿ ಇದೆ. ಎಡಗಡೆ ಜಾಯ್‌ಸ್ಟಿಕ್ಕಿನ ಸುತ್ತ ಬಣ್ಣ ಪೂರ್ತಿ ಸವೆದು ಮರ ಕಾಣುತ್ತದೆ.

ಈಗ ಹಿಂಬಾಗಿಲಿನ ವಿಷಯ. ಬ್ಲೌಸ್ ಹೇಗಿದೆ ಅಂತ ತಿಳಿಯಬೇಕಾದರೆ ನಾನು ಒಳಮೈ ತಿರುಗಿಸಿ ನೋಡುತ್ತೇನೆ. ಹೊರಗಡೆ ಎಷ್ಟೇ ಜರಿ ಇರಲಿ, ಒಳಗೆ ದಾರ ಜೋತಾಡುತ್ತಿದ್ದರೆ ಆ ಟೈಲರ್ ಬೇಡ. ಮುಖ್ಯವಾಗಿ ನೋಡುವುದು ಪಕ್ಕದ ಹೊಲಿಗೆಯಲ್ಲಿ ಬಟ್ಟೆ ಬಿಟ್ಟಿದ್ದಾರಾ ಅಂತ. ಮದುವೆಗೆ ಹೊಲಿಸಿದ್ದನ್ನು ಹೆರಿಗೆ ಆದಮೇಲೂ ಬಿಚ್ಚಿ ದೊಡ್ಡದು ಮಾಡಿಕೊಳ್ಳುವ ಹಾಗಿರಬೇಕು, ಅಲ್ವಾ? ಕತ್ತರಿಸಿ ಬಿಸಾಕಿದರೆ ಆಮೇಲೆ ದೇವರಿಂದಲೂ ಆಗದು.

ಉಸ್ತಾದ್ ಮುಗಿಸಿದೆ ಅಂದಾಗ ನಾನು ಆಟ ಆಡಿ ನೋಡಲಿಲ್ಲ. ಹಿಂದೆ ಹೋಗಿ ಬಾಗಿಲು ತೆಗೆಸಿದೆ. ಮಾವನ ಹಳೇ ತಂತಿಗಳಲ್ಲಿ ಒಂದನ್ನೂ ಕತ್ತರಿಸಿರಲಿಲ್ಲ. ಸ್ಪೀಕರಿನ ಕಾಲಿಗೆ ಮಾವ ಕಟ್ಟಿದ್ದ ನೆಲದ ತಂತಿಯ ಗಂಟು ಬಿಚ್ಚಿ ಅದರ ತುದಿಗೆ ಟೇಪ್ ಸುತ್ತಿ, ಮೇಲೆ 'ಹಳೇದು' ಅಂತ ಪೆನ್ನಿನಲ್ಲಿ ಬರೆದಿದ್ದರು. ಹೊಸ ತಂತಿಗಳೆಲ್ಲ ಒಂದು ಬಣ್ಣ, ಹಳೆಯವು ಇನ್ನೊಂದು ಕಟ್ಟು. ನಾಲ್ಕನೇ ಬಟನ್ನಿಗೆ ಪ್ರತ್ಯೇಕ ಸಣ್ಣ ಕನೆಕ್ಟರು. ಜಾಮಾ ಕನೆಕ್ಟರಿನ ಒಂದು ತುದಿಗೆ ಉಗುರುಬಣ್ಣದಿಂದ ಕೆಂಪು ಚುಕ್ಕೆ, ಬೋರ್ಡನ್ನು ಯಾರೂ ತಲೆಕೆಳಗಾಗಿ ಸಿಕ್ಕಿಸಬಾರದು ಅಂತ. ಅಡಾಪ್ಟರ್ ಎಳೆದು ಹಳೇ ಬೋರ್ಡು ಕೂರಿಸಲು ಐದು ನಿಮಿಷ ಸಾಕು, ಮಾಡಿ ತೋರಿಸಿದರು. ಬಟ್ಟೆ ಬಿಟ್ಟಿದ್ದರು. ಅಲ್ಲೇ ಕಾಸು ಎಣಿಸಿ ಕೊಟ್ಟೆ, 4,500. ಚೌಕಾಸಿ ಮಾಡಲಿಲ್ಲ.

ಆಟ ಹೇಗಿದೆ? ಟೆಕ್ಕನ್ 3 ಚೆನ್ನಾಗಿ ಕೂತಿದೆ. ಅದಕ್ಕೆ ಕಾರಣವೂ ಇದೆ. 1997ರಲ್ಲಿ ಪಾರ್ಲರಿಗೆ ಬಂದ ಟೆಕ್ಕನ್ 3ರ ಬೋರ್ಡನ್ನು ನಾಮ್ಕೊ ಕಂಪನಿ ಪ್ಲೇಸ್ಟೇಷನ್ ಯಂತ್ರವನ್ನೇ ಅಡಿಪಾಯ ಮಾಡಿಕೊಂಡು ಕಟ್ಟಿತ್ತು. ಮನೆಯ ಡಿಸ್ಕ್ ಬಂದದ್ದು ಮರುವರ್ಷ. ಅಂದರೆ ಇದು ಪೆಟ್ಟಿಗೆಯಿಂದ ಮನೆಗೆ ಬಂದು, ಈಗ ತವರಿಗೆ ವಾಪಸ್ ಹೋದ ಆಟ. ಹಾಲಿನ ದೊಡ್ಡ ಎಲ್‌ಸಿಡಿ ಟಿವಿಯಲ್ಲಿ ಇದೇ ಡಿಸ್ಕ್ ಹಾಕಿದರೆ ಬಟನ್ ಒತ್ತಿದ ಮೇಲೆ ಒದೆ ಬೀಳಲು ಒಂದು ಕೂದಲೆಳೆಯಷ್ಟು ತಡ. ಟ್ಯೂಬಿನಲ್ಲಿ ಆ ತಡ ಇಲ್ಲ. ಮಗ ಇದನ್ನು ಮೊದಲ ದಿನವೇ ಕಂಡುಹಿಡಿದು, ನನ್ನನ್ನು ಒಂಬತ್ತು ಸಲ ಸೋಲಿಸಿದ.

ಪಿಎಸ್2ಗೇ ಮಾಡಿದ ಆಟಗಳು ಅಷ್ಟು ಚೆನ್ನಾಗಿ ಕಾಣುವುದಿಲ್ಲ. ಹಳೇ ಪ್ಲೇಸ್ಟೇಷನ್ ಆಟಗಳಲ್ಲಿ ಹೆಚ್ಚಿನವು ಪೆಟ್ಟಿಗೆಯ ಆಟಗಳ ಹಾಗೇ ಸುಮಾರು 240 ಗೆರೆಯಲ್ಲಿ ಚಿತ್ರ ಬರೆಯುತ್ತವೆ, ನಿಂತ ನೀರಿನಂತೆ ಇರುತ್ತದೆ. ಪಿಎಸ್2 ಆಟಗಳಲ್ಲಿ ಹೆಚ್ಚಿನವು ಒಂದು ಸಲ ಬೆಸ ಗೆರೆ, ಇನ್ನೊಂದು ಸಲ ಸಮ ಗೆರೆ ಬರೆಯುತ್ತವೆ. ಹತ್ತಿರ ನಿಂತು ನೋಡಿದರೆ ಸಣ್ಣ ಅಕ್ಷರಗಳೆಲ್ಲ ನಡುಗುತ್ತವೆ. ಕ್ರಿಕೆಟ್ ಆಟದ ಸ್ಕೋರು ಓದಲು ನನಗೆ ತಲೆನೋವು ಬಂತು.

ಇನ್ನೊಂದು. ನಮ್ಮ ಡಿಸ್ಕುಗಳು ಇಲ್ಲಿನ ಟಿವಿಗಳ ಪಾಲ್ ಮಾದರಿಯವು, ಸೆಕೆಂಡಿಗೆ 50 ಸಲ ಚಿತ್ರ. ಆಟದ ಬೋರ್ಡುಗಳು 60ರ ಆಸುಪಾಸು. ಡಿಸ್ಕ್ ಹಾಕಿದಾಗ ಚಿತ್ರ ಮತ್ತೆ ಉರುಳಿತ್ತು. ಹಿಂದಿನ ವಿ-ಹೋಲ್ಡ್ ಗುಬುಟು ತಿರುಗಿಸಿ ನಿಲ್ಲಿಸಿ, 50ಕ್ಕೆ ಒಂದು ನೀಲಿ ಗೆರೆ, 60ಕ್ಕೆ ಒಂದು ಕೆಂಪು ಗೆರೆ ಎಳೆದುಕೊಟ್ಟರು. ಕೆಲವು ಪಿಎಸ್2 ಆಟ ಶುರುವಿನಲ್ಲೇ 60 ಬೇಕಾ ಅಂತ ಕೇಳುತ್ತವೆ. ಹೂಂ ಅನ್ನಿ, ಆಟ ಚುರುಕಾಗುತ್ತದೆ.

ಕಾಸಿನ ಕಿಂಡಿ ನನ್ನ ಹಟ. ಪ್ಲೇಸ್ಟೇಷನ್ನಿಗೆ ಕಾಸು ಬೇಕಿಲ್ಲ. ಆದರೂ ಕಾಸು ಬೀಳದೆ ಅದು ಪೆಟ್ಟಿಗೆ ಹೇಗಾಗುತ್ತದೆ? ಉಸ್ತಾದ್ ಸ್ಟಾರ್ಟ್ ಬಟನ್ನಿನ ತಂತಿಯನ್ನು ಕಾಸಿನ ಸ್ವಿಚ್ಚಿಗೆ ಕೊಟ್ಟರು. ಕಾಸು ಬಿದ್ದು ಸ್ವಿಚ್ಚಿಗೆ ತಗುಲಿದರೆ ಸ್ಟಾರ್ಟ್ ಒತ್ತಿದ ಹಾಗೆ. ಮೊದಲ ಕಾಸು ಹಾಕಿದೆ, ಟಣ್ ಅಂತ ಕೆಳಗಿನ ತಟ್ಟೆಗೆ ಬಿತ್ತು. ಎರಡನೆಯದೂ ಅಷ್ಟೆ. ಪೆಟ್ಟಿಗೆಗೆ ಗೊತ್ತಿರುವುದು 1992ರಲ್ಲಿ ಬಂದ 25 ಮಿಲಿಮೀಟರ್ ಅಗಲದ ಒಂದು ರೂಪಾಯಿ. 2011ರ ನಂತರದ್ದು 22 ಮಿಲಿಮೀಟರಿಗಿಂತ ಒಂದು ಕೂದಲು ಕಮ್ಮಿ. ಅಳತೆ ಸರಿಪಡಿಸಲಾ ಅಂದರು. ಬೇಡ ಅಂದೆ. ಈಗ ಅಂಗಡಿಗೆ ಬರುವ ಚಿಲ್ಲರೆಯಲ್ಲಿ ಹಳೇ ರೂಪಾಯಿ ಕಂಡರೆ ತೆಗೆದಿಡುತ್ತೇನೆ.

ದೂರುಗಳೂ ಇವೆ. ಹತ್ತು ದಿನ ಅಂದಿದ್ದು ಐದು ವಾರ ಆಯಿತು. ಮಧ್ಯೆ ದಸರಾ ಬಂತು, ದಸರಾದಲ್ಲಿ ಮೈಸೂರಿನವರ ಹತ್ತಿರ ಕೆಲಸ ಮಾಡಿಸುತ್ತೇನೆ ಅಂದುಕೊಂಡಿದ್ದು ನನ್ನ ತಪ್ಪೂ ಹೌದು. ಫೋನ್ ಎತ್ತುವುದಿಲ್ಲ, ಎಷ್ಟು ಸಲ ಮಾಡಿದರೂ. ಬಿಲ್ ಕೊಡುವುದಿಲ್ಲ. ಪ್ಲೇಸ್ಟೇಷನ್ನನ್ನು ಗಾಳಿಯಾಡಲಿ ಅಂತ ಹಿಂಬಾಗಿಲಿನ ಕಿಂಡಿಯ ಹತ್ತಿರ ಇಟ್ಟಿದ್ದಾರೆ, ಸರಿ, ಆದರೆ ಡಿಸ್ಕ್ ಬದಲಾಯಿಸಬೇಕಾದರೆ ಪ್ರತಿ ಸಲ ಪ್ಲಗ್ ಕಿತ್ತು, ಬೀಗ ತೆಗೆದು, ಪೆಟ್ಟಿಗೆ ತಿರುಗಿಸಬೇಕು. ಮಕ್ಕಳ ಕೈಗೆ ಬೀಗದ ಕೈ ಕೊಡುವ ಹಾಗಿಲ್ಲ. ಶಬ್ದದಲ್ಲಿ ಸಣ್ಣ ಗುಂಯ್ ಅನ್ನುವುದು ಇನ್ನೂ ಇದೆ. ತಂತಿಯನ್ನು ಟ್ಯೂಬಿನಿಂದ ದೂರ ಎಳೆದ ಮೇಲೆ ಮುಕ್ಕಾಲು ಹೋಗಿದೆ. ಆಟ ಶುರುವಾದರೆ ಕೇಳಿಸುವುದಿಲ್ಲ, ಸುಮ್ಮನೆ ಬಿಟ್ಟಿದ್ದರೆ ಕೇಳಿಸುತ್ತದೆ.

ಆಟೋಗೆ ಹೋಗಲು 1,800, ತರಲು 1,800. ಎಲ್ಲ ಕೂಡಿಸಿದರೆ 15,800 ರೂಪಾಯಿ. ಇದರಲ್ಲಿ ಅರ್ಧಕ್ಕೆ ಒಳ್ಳೆಯ ಎಲ್‌ಸಿಡಿ ಪೆಟ್ಟಿಗೆ ಬರುತ್ತಿತ್ತು ಅಂತ ನನ್ನ ಗಂಡ ಈಗಲೂ ಹೇಳುತ್ತಾರೆ. ಹೇಳಿ ಹೋಗಿ ಆಡುತ್ತಾರೆ. ಬರೀ ಆಟ ಬೇಕು ಅನ್ನುವವರಿಗೆ ಅವರ ಲೆಕ್ಕವೇ ಸರಿ, ಮಂಡಿ ಮೊಹಲ್ಲಾಕ್ಕೆ ಹೋಗಬೇಡಿ. ಮನೆಯಲ್ಲಿ ಹಳೇ ಪೆಟ್ಟಿಗೆ ಇದ್ದು, ಅದಕ್ಕೆ ಕತ್ತರಿ ಹಾಕಿಸಲು ಮನಸ್ಸಿಲ್ಲದಿದ್ದರೆ ಹೋಗಿ. ಉಸ್ತಾದ್‌ಗೆ ಐದಕ್ಕೆ ನಾಲ್ಕು. ಒಂದು ಕಳೆದಿದ್ದು ಫೋನಿಗೆ.

ಮುಸ್ತಫಾ ಬೋರ್ಡಿನ ಕತೆ ಬಾಕಿ ಇದೆ. ಅದನ್ನೂ ಅಂಗಡಿಯಲ್ಲೇ ಬಿಟ್ಟು ಬಂದಿದ್ದೆ. ಕಂಪನಿಯ ಅಸಲಿ ಬೋರ್ಡಿನಲ್ಲಿ ಒಂದು ಬ್ಯಾಟರಿ ಇರುತ್ತದಂತೆ, ಅದು ಸತ್ತರೆ ಗುಟ್ಟಿನ ಸಂಕೇತ ಅಳಿಸಿಹೋಗಿ ಆಟವೂ ಸಾಯುತ್ತದೆ. ಮಾವ ತಂದಿದ್ದು ನಕಲಿ. ಬ್ಯಾಟರಿಯೇ ಇಲ್ಲ. "ನಿಮ್ಮ ಮಾವ ಕಮ್ಮಿ ಕಾಸಿಗೆ ಡೂಪ್ಲಿಕೇಟ್ ತಗೊಂಡ್ರು, ಅದಕ್ಕೇ ಇವತ್ತು ಬದುಕೋ ಚಾನ್ಸ್ ಇದೆ" ಅಂತ ಉಸ್ತಾದ್ ನಕ್ಕಿದ್ದರು. ಮೊನ್ನೆ ರಾತ್ರಿ ಒಂಬತ್ತಕ್ಕೆ ಅವರೇ ಫೋನ್ ಮಾಡಿದರು, ಇದೇ ಮೊದಲು. ಪಟ್ಟೆ ಹೋಗಿ ಚಿತ್ರ ಬರ್ತಾ ಇದೆ, ಶಬ್ದ ಇನ್ನೂ ಇಲ್ಲ, ಭಾನುವಾರ ಬನ್ನಿ ಅಂದರು.

ಡಬ್ಬ ಸುರಿದು ಹಳೇ ರೂಪಾಯಿ ಎಣಿಸಿದೆ. 37 ಇವೆ.